ಸಂಪಿಗೊಂದು ಕೋಲು: ನಲ್ಲೀಲಿ ನೀರು ಇನ್ನೂ ಬರ್ತಿರುವಾಗ್ಲೇ ಮಾಡ್ಕೋಬೇಕಾದ ಕೆಲಸಗಳು

ಮೊದ್ಲು ಒಂದು ಕೋಲು ಹುಡುಕಿ, ಸಂಪಲ್ಲಿ (ಅಂದ್ರೆ ಮನೆಯ ನೆಲದೊಳಗಿರೋ ನೀರಿನ ತೊಟ್ಟೀಲಿ) ನೀರು ಎಷ್ಟಿದೆ ಅಂತ ಅಳೆಯೋಕ್ಕೆ. ನಿಜವಾಗ್ಲೂ ಹೇಳ್ತಿದೀನಿ, ನೀರು ಉಳಿಸೋದು ಹೇಗೆ ಅಂತ ಯಾರು ಕೇಳಿದ್ರೂ ನಾನು ಮೊದ್ಲು ಹೇಳೋದು ಇದನ್ನೇ, ಜನ ನಗ್ತಾರೆ, ನಗ್ಲಿ ಬಿಡಿ.

ನಮ್ದು ಬೆಂಗಳೂರಲ್ಲಿ 30-40 ಸೈಟಿನ ಮನೆ, ಕೆಳಗೆ ನಾವು ನಾಲ್ಕು ಜನ (ನಾನು, ನಮ್ಮನೆಯವ್ರು, ಮಗಳು, ಅತ್ತೆ), ಮೇಲೆ ಬಾಡಿಗೆಯವ್ರು ಮೂರು ಜನ. 2023ರಲ್ಲಿ ಮುಂಗಾರು ಕೈಕೊಡ್ತು, ಆಗಸ್ಟ್ ತಿಂಗಳಂತೂ ಪೂರ್ತಿ ಒಣಗೋಯ್ತು, ಸೆಪ್ಟೆಂಬರಲ್ಲಿ ಸರ್ಕಾರ 195 ತಾಲ್ಲೂಕು ಬರ ಅಂತ ಘೋಷಿಸ್ತು, ಅದ್ರಲ್ಲಿ 161 "ತೀವ್ರ ಬರ", 34 "ಸಾಧಾರಣ ಬರ". ಆಮೇಲೆ ಆ ಪಟ್ಟಿ ಬೆಳೆದು 223ಕ್ಕೆ ಹೋಯ್ತು. ಪೇಪರಲ್ಲಿ ಸಾಧಾರಣ ಬರ ಅನ್ನೋ ಪದ ಓದಿ ಓ ಸಾಧಾರಣ ತಾನೆ ಅಂತ ಮಡಚಿಟ್ವಿ, ನಮ್ಮ ನಲ್ಲೀಲಿ ನೀರು ಬರ್ತಾನೇ ಇತ್ತಲ್ಲ. ಅತ್ತೆ ಒಬ್ರೇ ಗೊಣಗ್ತಿದ್ರು. ಅವ್ರು ಚಳ್ಳಕೆರೆ ಕಡೆಯವ್ರು, ರಾಜ್ಯದಲ್ಲೇ ಮಳೆ ತುಂಬಾ ಕಮ್ಮಿ ಬೀಳೋ ತಾಲ್ಲೂಕುಗಳಲ್ಲಿ ಅದೂ ಒಂದು, ಅವ್ರಿಗೆ ಆಕಾಶ ನೋಡಿದ್ರೇ ಗೊತ್ತಾಗುತ್ತೆ. "ಮಳೆ ಹೋಗಿದ್ದು ಈಗ, ಬಾಯಾರೋದು ಶಿವರಾತ್ರಿ ಕಳೆದ್ಮೇಲೆ ಕಣಮ್ಮ" ಅಂದ್ರು. ಹಾಗೇ ಆಯ್ತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900ರಷ್ಟು ಒಣಗಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದ್ರು, ನಮ್ಮ ಬೀದಿಯ ಬೋರೂ ಅದ್ರಲ್ಲೊಂದು.

ಅಂದ್ರೆ ಬರ ಬಂದಿದ್ದಕ್ಕೂ ನಮ್ಮ ಕೊಡ ಬೀದಿಗೆ ಬಂದಿದ್ದಕ್ಕೂ ನಡುವೆ ಆರು ತಿಂಗಳಿತ್ತು. ಆ ಆರು ತಿಂಗಳು ನಾವು ಏನೂ ಮಾಡ್ಲಿಲ್ಲ. ನಾನೀಗ ಬರೀತಿರೋದೆಲ್ಲ ಆ ಆರು ತಿಂಗಳಲ್ಲಿ ಮಾಡಬಹುದಾಗಿದ್ದ ಕೆಲಸಗಳು, ನೀವು ಮಾಡ್ಕೊಳ್ಳಿ.

ಕೋಲು ಯಾಕೆ, ಹೇಗೆ

ಕರೆಂಟ್ ವೈರಿಂಗಿಗೆ ಹಾಕ್ತಾರಲ್ಲ ಬಿಳಿ ಪಿವಿಸಿ ಪೈಪು, ಅದ್ರದ್ದು ಆರಡಿ ತುಂಡು ಸಾಕು. ಚೆನ್ನಾಗಿ ತೊಳೆದು ಒರೆಸಿ, ಕೆಳಗಿನ ತುದಿಯಿಂದ ಒಂದೊಂದು ಇಂಚಿಗೆ ಮಾರ್ಕರ್ ಪೆನ್ನಲ್ಲಿ ಗೆರೆ ಹಾಕಿ, ಹನ್ನೆರಡು ಇಂಚಿಗೊಂದು ದಪ್ಪ ಗೆರೆ. ಇದನ್ನ ಬೇರೆ ಯಾವುದಕ್ಕೂ ಬಳಸ್ಬೇಡಿ, ಸಂಪಿನ ಪಕ್ಕದಲ್ಲೇ ನೇತುಹಾಕಿ.

ಈಗ ಸಂಪಿನ ಒಂದು ಇಂಚಿಗೆ ಎಷ್ಟು ಲೀಟರ್ ಅಂತ ಲೆಕ್ಕ. ಸಂಪಿನ ಉದ್ದ ಎಷ್ಟಡಿ, ಅಗಲ ಎಷ್ಟಡಿ, ಎರಡನ್ನೂ ಗುಣಿಸಿ, ಬಂದಿದ್ದನ್ನ 2.36ರಿಂದ ಗುಣಿಸಿ. ನಮ್ಮ ಸಂಪು 8 ಅಡಿ ಉದ್ದ 6 ಅಡಿ ಅಗಲ, ಎಂಟಾರ್ಲೆ 48, ಇಂಟು 2.36 ಅಂದ್ರೆ 113 ಲೀಟರ್. ಒಂದು ಇಂಚು ಇಳಿದ್ರೆ 113 ಲೀಟರ್ ಹೋಯ್ತು ಅಂತ. ಆಳ 5 ಅಡಿ, ಅಂದ್ರೆ 60 ಇಂಚು, ತುಂಬಿದ್ರೆ ಸುಮಾರು 6,800 ಲೀಟರ್. ಅಳತೆ ಗೊತ್ತಿಲ್ಲ ಅಂದ್ರೆ ಮುಚ್ಚಳದಿಂದಲೇ ಕೋಲು ಹಾಕಿ ಅಂದಾಜು ಮಾಡಿ ಇಲ್ಲಾ ಮನೆ ಕಟ್ಟಿದ ಮೇಸ್ತ್ರೀನ ಕೇಳಿ, ಅಳೀತೀನಿ ಅಂತ ಒಳಗೆ ಇಳೀಬೇಡಿ, ಮುಚ್ಚಿಟ್ಟ ಸಂಪಲ್ಲಿ ಉಸಿರು ಕಟ್ಟಿ ಜನ ಹೋಗಿದಾರೆ. ಮುಚ್ಚಳ ತೆಗೆದಾಗ ಮಕ್ಕಳು ಹತ್ರ ಇರಬಾರದು, ಇದನ್ನ ಹೇಳ್ಬೇಕಾಗಿಲ್ಲ ಅಂದ್ಕೋತೀನಿ ಆದ್ರೂ ಹೇಳ್ದೆ.

ಅಳೆಯೋ ಹೊತ್ತು ಮುಖ್ಯ. ಬೆಳಗ್ಗೆ ಮೋಟರ್ ಹಾಕಿ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಫುಲ್ ಆದ ತಕ್ಷಣ ಕೋಲು ಹಾಕ್ಬೇಕು, ದಿನಾ ಅದೇ ಟೈಮಿಗೆ. ಒಂದಿನ ಟ್ಯಾಂಕ್ ಖಾಲಿ ಇದ್ದಾಗ ಇನ್ನೊಂದಿನ ತುಂಬಿದಾಗ ಅಳೆದ್ರೆ ಲೆಕ್ಕ ಹಾರಾಡುತ್ತೆ, ನಾನು ಮೊದಲ ನಾಲ್ಕು ದಿನ ಅದೇ ತಪ್ಪು ಮಾಡಿ ತಲೆಕೆಡಿಸ್ಕೊಂಡೆ. ಕಾವೇರಿ ನೀರು ಬಿಡೋ ದಿನ ನೀರು ಬರೋಕ್ಕೆ ಮುಂಚೆ ಒಂದ್ಸಲ, ನಿಂತ ಮೇಲೆ ಒಂದ್ಸಲ. ಕ್ಯಾಲೆಂಡರ್ ಚೌಕದಲ್ಲೇ ಬರೆದಿಡಿ, ನಮ್ಮ ಅತ್ತೆ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೀತಾರೆ.

ಮೊದಲ ವಾರ ನಮಗೆ ಬಂದ ಲೆಕ್ಕ ದಿನಕ್ಕೆ 11 ಇಂಚು. ಅಂದ್ರೆ 1,240 ಲೀಟರ್, ಏಳು ಜನಕ್ಕೆ ತಲೆಗೆ 177. ಊರಿನ ನೀರು ಸರಬರಾಜಿಗೆ ಸರ್ಕಾರದವ್ರು ಇಟ್ಕೊಳ್ಳೋ ಲೆಕ್ಕವೇ ತಲೆಗೆ ದಿನಕ್ಕೆ 135 ಲೀಟರ್. ನಾವು ಬಹಳ ಹಿಡಿದು ಬಳಸೋ ಜನ ಅಂತ ನನಗೊಂದು ಜಂಬ ಇತ್ತು, ಅವತ್ತೇ ಇಳೀತು.

ಸಂಪು ಇಲ್ಲದ ಬಾಡಿಗೆ ಮನೆಯವ್ರು, ಫ್ಲಾಟಿನವ್ರು ಏನ್ಮಾಡೋದು ಅಂದ್ರೆ, ಫ್ಲಾಟಿಗೊಂದು ಮೀಟರ್ ಇದ್ರೆ ಅದನ್ನೇ ದಿನಾ ಒಂದೇ ಹೊತ್ತಿಗೆ ನೋಡಿ ಬರ್ಕೊಳ್ಳಿ. ಇಲ್ಲಾಂದ್ರೆ ಅಸೋಸಿಯೇಷನ್ನವ್ರ ಹತ್ರ ತಿಂಗಳಿಗೆ ಎಷ್ಟು ಲೋಡ್ ಟ್ಯಾಂಕರ್ ಬಂತು, ಕಾವೇರಿ ಬಿಲ್ಲಲ್ಲಿ ಎಷ್ಟು ಕಿಲೋಲೀಟರ್ ಅಂತ ಕೇಳಿ ಮನೆಗಳಿಗೆ ಭಾಗಿಸಿ, ಒರಟು ಲೆಕ್ಕ ಆದ್ರೂ ಪರವಾಗಿಲ್ಲ.

ಸೋರೋದನ್ನ ಹಿಡಿಯೋದು, ಮಿಕ್ಕಿದ್ದೆಲ್ಲ ಆಮೇಲೆ

ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಅಂತ ಎಲ್ರೂ ಹೇಳ್ತಾರೆ, ಸರೀನೇ, ಆದ್ರೆ ಮನೇಲಿ ಎಲ್ಲೋ ಒಂದು ಕಡೆ 24 ಗಂಟೆ ಸೋರ್ತಿದ್ರೆ ನೀವು ಹಲ್ಲುಜ್ಜೋದೇ ಬಿಟ್ರೂ ಪ್ರಯೋಜನ ಇಲ್ಲ.

ರಾತ್ರಿ ಎಲ್ರೂ ಮಲಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೇಲಿನ ಟ್ಯಾಂಕ್ ತುಂಬಿಸಿ, ಮೋಟರ್ ಆಫ್ ಮಾಡಿ, ಟ್ಯಾಂಕಲ್ಲೂ ಸಂಪಲ್ಲೂ ನೀರು ಎಲ್ಲಿದೆ ಅಂತ ಗುರುತು ಮಾಡಿ, ಬೆಳಗ್ಗೆ ಯಾರೂ ಎದ್ದು ನೀರು ಮುಟ್ಟೋ ಮುಂಚೆ ಹೋಗಿ ನೋಡಿ. ಟ್ಯಾಂಕ್ ಇಳಿದಿದ್ರೆ ಮನೆ ಒಳಗೆ ಸೋರ್ತಿದೆ. ಸಂಪು ಇಳಿದಿದ್ರೆ ಸಂಪೇ ಬಿರುಕು ಬಿಟ್ಟಿದೆ. (ಅವತ್ತು ಕಾವೇರಿ ನೀರು ಬರೋ ರಾತ್ರಿ ಆಗಿರ್ಬಾರ್ದು.) ಮೀಟರಿಂದ ಸಂಪಿನವರೆಗೆ ನೆಲದೊಳಗಿರೋ ಪೈಪಿನ ಪರೀಕ್ಷೆ ಬೇರೆ: ನೀರು ಬಿಟ್ಟಿರೋ ಹೊತ್ತಲ್ಲಿ ಸಂಪಿನ ಹತ್ರ ಇರೋ ವಾಲ್ವ್ ಬಂದ್ ಮಾಡಿ, ಆಮೇಲೂ ಮೀಟರ್ ತಿರುಗ್ತಿದ್ರೆ ನಡುವೆ ಎಲ್ಲೋ ಪೈಪ್ ಒಡೆದಿದೆ, ಆ ನೀರಿಗೆ ನೀವು ದುಡ್ಡು ಕೊಟ್ಟು ಮಣ್ಣಿಗೆ ಕುಡಿಸ್ತಿದೀರ.

ನಮ್ಮನೇಲಿ ಟ್ಯಾಂಕ್ ಇಳಿದಿತ್ತು. ನಲ್ಲಿ ಯಾವುದೂ ತೊಟ್ಟಿಕ್ತಾ ಇರ್ಲಿಲ್ಲ, ಗೋಡೆ ಒದ್ದೆ ಇಲ್ಲ, ಹಾಗಾದ್ರೆ ಉಳಿದಿದ್ದು ಫ್ಲಶ್ ಟ್ಯಾಂಕ್. ಇದಕ್ಕೆ ಬೀಟ್‌ರೂಟ್ ಸಾಕು. ಒಂದು ತುಂಡು ತುರಿದು ರಸ ಹಿಂಡಿ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರ್ದು, ಆಮೇಲೆ ಕಮೋಡಲ್ಲಿ ನೋಡಿ, ಕೆಂಪು ಬಣ್ಣ ಇಳಿದಿದ್ರೆ ಕೆಳಗಿನ ರಬ್ಬರ್ ವಾಷರ್ ಹೋಗಿದೆ. ಕುಂಕುಮನೂ ಹಾಕಬಹುದು, ಆದ್ರೆ ಅತ್ತೆ ಎದುರಿಗೆ ಆ ಮಾತು ಎತ್ತೋ ಧೈರ್ಯ ನನಗೆ ಇರ್ಲಿಲ್ಲ. ಮೇಲಿನ ಮನೆಗೆ ಬೀಟ್‌ರೂಟ್ ರಸದ ಲೋಟ ಹಿಡ್ಕೊಂಡು ಹೋದಾಗ ಅಲ್ಲಿನ ಆಂಟಿ "ಜ್ಯೂಸಾ" ಅಂತ ಕೈಚಾಚಿದ್ರು, "ಬಾತ್‌ರೂಮಿಗೆ ಆಂಟಿ" ಅಂದೆ, ಅವ್ರ ಮುಖ ನೋಡ್ಬೇಕಿತ್ತು. ಹತ್ತೇ ನಿಮಿಷದಲ್ಲಿ ಕಮೋಡ್ ಕೆಂಪಾಯ್ತು. ಸಣ್ಣಗೆ, ಸದ್ದೇ ಇಲ್ದೆ, ದಾರದಷ್ಟು ನೀರು ಹಗಲೂ ರಾತ್ರಿ ಹೋಗ್ತಿತ್ತು. ವಾಷರ್ ಬದಲಾಯಿಸಿದ ಮೇಲೆ ಕೋಲಲ್ಲಿ ದಿನಕ್ಕೆ ಎರಡು ಇಂಚು ಉಳೀತು, ಇನ್ನೂರು ಲೀಟರ್ ಮೇಲೆ! ಮೂರೂ ಬಾತ್‌ರೂಮಲ್ಲಿ ಇದನ್ನ ಆರು ತಿಂಗಳಿಗೊಮ್ಮೆ ಮಾಡ್ತೀನಿ ಈಗ.

ತೊಟ್ಟಿಕ್ಕೋ ನಲ್ಲಿ ಬಗ್ಗೆ ಒಂದು ಮಾತು, ಸೆಕೆಂಡಿಗೊಂದು ಹನಿ ಅಂದ್ರೂ ದಿನಕ್ಕೆ ಸುಮಾರು 20 ಲೀಟರ್, ಅಂದ್ರೆ ಒಬ್ಬರ ಸ್ನಾನ. ವಾಷರ್ ಐದ್ಹತ್ತು ರೂಪಾಯಿ. ಪ್ಲಂಬರ್ ಸಣ್ಣ ಕೆಲಸಕ್ಕೆ ಬರಲ್ಲ ಅಂತಾರೆ, ಹಾಗಾಗಿ ಸಣ್ಣದ್ದೆಲ್ಲ ಒಟ್ಟು ಮಾಡಿ ಒಂದೇ ದಿನ ಕರೀರಿ. ಟ್ಯಾಂಕ್ ತುಂಬಿದ ಮೇಲೆ ನೀರು ನಿಲ್ಲಿಸೋ ಬಾಲ್‌ವಾಲ್ವ್ ಕೂಡ ಅವತ್ತೇ ನೋಡಿಸಿ. ಬೆಳಗಿನ ಜಾವ ಯಾರದೋ ಮನೆ ಟ್ಯಾಂಕ್ ತುಂಬಿ ಸುರೀತಾ ಇರೋ ಸದ್ದು ಬೆಂಗಳೂರಿನ ಎಲ್ಲಾ ಬೀದೀಲೂ ಕೇಳುತ್ತೆ, ಅಲಾರಂ ಗಂಟೆ ಸಿಗುತ್ತೆ ಕಮ್ಮಿ ದುಡ್ಡಿಗೆ, ಹಾಕಿಸ್ಕೊಳ್ಳಿ.

ಫ್ಲಶ್ಶು

ಸೋರೋದು ನಿಂತ ಮೇಲೆ ಮನೇಲಿ ನೀರು ಹೆಚ್ಚು ಕುಡಿಯೋದು ಇದೇ. ಹಳೇ ಟ್ಯಾಂಕ್ ಒಂದ್ಸಲಕ್ಕೆ 10 ಲೀಟರ್ ಬಿಡುತ್ತೆ, ಏಳು ಜನ ಐದೈದು ಸಲ ಅಂದ್ರೆ 350 ಲೀಟರ್, ಕೋಲಲ್ಲಿ ಮೂರು ಇಂಚು. ಅದೂ ಕುಡಿಯೋ ನೀರು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಹತ್ತತ್ರ ನೂರು ಕಿಲೋಮೀಟರ್ ಪಂಪ್ ಮಾಡಿ ತಂದ ಕಾವೇರಿ.

ಸುಲಭದ ಕೆಲಸ: ಒಂದು ಲೀಟರ್ ಬಾಟಲಿಗೆ ಮರಳು ಇಲ್ಲಾ ನೀರು ತುಂಬಿ ಮುಚ್ಚಳ ಬಿಗಿ ಮಾಡಿ ಟ್ಯಾಂಕಿನ ಮೂಲೇಲಿ ಇಡಿ, ತೇಲೋ ಬಾಲಿಗೂ ರಬ್ಬರಿಗೂ ತಾಗದ ಹಾಗೆ. ಇಟ್ಟಿಗೆ ಇಡಿ ಅಂತ ಕೆಲವರು ಹೇಳ್ತಾರೆ, ಬೇಡ, ಕರಗಿ ಪುಡಿ ವಾಲ್ವಿಗೆ ಸೇರುತ್ತೆ. ಆದ್ರೆ ಬಾಟಲಿ ಉಳಿಸೋದು ಫ್ಲಶ್ಶಿಗೆ ಒಂದೇ ಲೀಟರ್, ದಿನಕ್ಕೆ 35. ನಿಜವಾದ ಉಳಿತಾಯ ಇರೋದು ಫ್ಲಶ್ ಬಟನ್ನೇ ಮುಟ್ಟದೆ ಇರೋದ್ರಲ್ಲಿ, ಬಟ್ಟೆ ಜಾಲಿಸಿದ ನೀರು, ನೆಲ ಒರೆಸೋಕ್ಕೂ ಆಗದ ನೀರು ಏನಿದ್ರೂ ಬಕೆಟಲ್ಲಿ ಬಾತ್‌ರೂಮಲ್ಲಿಟ್ಟು ಅದನ್ನೇ ಹಾಕೋದು. ಅರ್ಧ ಬಕೆಟ್ ನೀರನ್ನ ಸ್ವಲ್ಪ ಎತ್ತರದಿಂದ ಒಂದೇ ಸಲ ರಭಸವಾಗಿ ಸುರೀಬೇಕು, ಮಗ್ಗಲ್ಲಿ ಹುಯ್ತಾ ಕೂತ್ರೆ ಎರಡು ಬಕೆಟ್ ಆದ್ರೂ ಹೋಗಲ್ಲ. ಈ ಬಳಸಿದ ನೀರನ್ನ ಮೇಲಿನ ಫ್ಲಶ್ ಟ್ಯಾಂಕಿಗೆ ಮಾತ್ರ ತುಂಬಿಸ್ಬೇಡಿ, ಒಳಗೆ ಲೋಳೆ ಕಟ್ಟಿ ವಾಷರ್ ಹಾಳಾಗುತ್ತೆ, ಮತ್ತೆ ಬೀಟ್‌ರೂಟ್ ತರ್ಬೇಕಾಗುತ್ತೆ.

ಕೈಲಾಗದವ್ರಿಗೆ ಇದನ್ನ ಹೇರಬೇಡಿ. ಅತ್ತೆಗೆ ಮಂಡಿನೋವು, ಅವ್ರು ಬಕೆಟ್ ಎತ್ತಲ್ಲ, ಫ್ಲಶ್ಶೇ ಮಾಡ್ತಾರೆ, ನಾವು ಉಳಿದವ್ರು ಮಾಡಿದ್ದಕ್ಕೇ ಕೋಲಲ್ಲಿ ಒಂದೂವರೆ ಇಂಚು ಉಳೀತು.

ನಲ್ಲಿ, ಸ್ನಾನ, ಸೋಲಾರ್

2024ರ ಮಾರ್ಚಲ್ಲಿ ಜಲಮಂಡಳಿ ಅಂಗಡಿ, ಹೋಟೆಲ್, ಅಪಾರ್ಟ್‌ಮೆಂಟುಗಳಿಗೆಲ್ಲ ನಲ್ಲಿಗೆ ಏರೇಟರ್ ಹಾಕಿ ಅಂತ ಆದೇಶ ಮಾಡ್ತು. ಏರೇಟರ್ ಅಂದ್ರೆ ನಲ್ಲಿ ಬಾಯಿಗೆ ತಿರುಗಿಸಿ ಹಾಕೋ ಸಣ್ಣ ಜಾಲರಿ, ನೀರಿಗೆ ಗಾಳಿ ಬೆರೆಸಿ ಬಿಡುತ್ತೆ, ಕೈಗೆ ಅಷ್ಟೇ ನೀರು ಅನ್ಸುತ್ತೆ ಆದ್ರೆ ಕಾಲು ಭಾಗ ಮೂರನೇ ಒಂದು ಭಾಗ ಅಷ್ಟೆ ಬರೋದು. ನಮ್ಮ ಅಡುಗೆಮನೆ ನಲ್ಲಿಗೆ ಬಕೆಟ್ ಹಿಡಿದು ಒಂದು ನಿಮಿಷ ಬಿಟ್ಟು ನೋಡಿದ್ರೆ 12 ಲೀಟರ್, ಹಾಕಿದ್ಮೇಲೆ 4. ಎಲ್ಲಾ ನಲ್ಲಿಗೂ ಹಾಕಿಸ್ಬೇಡಿ ಮಾತ್ರ. ಬಕೆಟ್ ತುಂಬೋ ನಲ್ಲಿಗೆ, ವಾಷಿಂಗ್ ಮೆಷಿನ್ ನಲ್ಲಿಗೆ ಹಾಕಿದ್ರೆ ಏನೂ ಉಳಿಯಲ್ಲ, ಬಕೆಟ್ ಬಕೆಟ್ಟೇ, ತುಂಬೋಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತೆ, ಮನೆಯವ್ರ ಬೈಗುಳ ಬೋನಸ್. ಅಡುಗೆಮನೆ ಸಿಂಕ್, ಕೈತೊಳೆಯೋ ವಾಶ್ ಬೇಸಿನ್, ಇಷ್ಟಕ್ಕೆ ಸಾಕು. ಬೋರ್ ನೀರಾದ್ರೆ ಬಿಳಿ ಉಪ್ಪು ಕಟ್ಕೊಂಡು ಜಾಲರಿ ಮುಚ್ಚಿಹೋಗುತ್ತೆ, ಬಿಚ್ಚಿ ರಾತ್ರಿ ನಿಂಬೆರಸದಲ್ಲಿ ನೆನೆಹಾಕಿ.

ದುಡ್ಡೇ ಖರ್ಚು ಮಾಡದೆ ಆಗೋದು ಇನ್ನೊಂದಿದೆ. ವಾಶ್ ಬೇಸಿನ್ ಕೆಳಗೆ ಗೋಡೇಲಿ ಆಂಗಲ್ ಕಾಕ್ ಅಂತ ನೀರು ಬಂದ್ ಮಾಡೋ ಸಣ್ಣ ವಾಲ್ವ್ ಇರುತ್ತೆ, ಅದನ್ನ ಅರ್ಧ ಮುಚ್ಚಿಬಿಡಿ. ತಾರಸಿ ಮೇಲಿನ ಟ್ಯಾಂಕಿಂದ ಕೆಳಗಿನ ಮನೆ ಬೇಸಿನ್ನಿಗೆ ಬರೋ ಪ್ರೆಷರ್‌ಗೆ, ಕೈತೊಳೆಯೋಕ್ಕೆ ಅರ್ಧ ಲೀಟರ್ ಸಾಕಾಗೋ ಕಡೆ ಮೂರು ಲೀಟರ್ ಹೋಗುತ್ತೆ. ಒಂದು ವಾರ ಯಾರಿಗೂ ಹೇಳ್ದೆ ಮುಚ್ಚಿಟ್ಟೆ, ಯಾರಿಗೂ ಗೊತ್ತೇ ಆಗ್ಲಿಲ್ಲ.

ಸ್ನಾನಕ್ಕೆ ಬಕೆಟ್ಟೇ, ಶವರ್ ಬೇಡ, ಇದರಲ್ಲಿ ಹೇಳೋಕ್ಕೇನಿದೆ. ಹೇಳ್ಬೇಕಾದ್ದು ಸೋಲಾರ್ ಬಗ್ಗೆ. ನಮ್ಮೂರಲ್ಲಿ ತುಂಬಾ ಮನೆಗಳ ತಾರಸಿ ಮೇಲೆ ಸೋಲಾರ್ ಹೀಟರ್ ಇದೆ, ಕರೆಂಟ್ ಉಳಿಸುತ್ತೆ ಸರಿ, ಆದ್ರೆ ಬೆಳಗ್ಗೆ ನಲ್ಲಿ ತಿರುಗಿಸಿದ್ರೆ ಬಿಸಿನೀರು ಕೆಳಗೆ ಬರೋವರೆಗೂ ಪೈಪಲ್ಲಿರೋ ತಣ್ಣೀರು ಸುಮ್ನೆ ಬಚ್ಚಲಿಗೆ ಹೋಗ್ತಾ ಇರುತ್ತೆ. ನಮ್ಮನೇಲಿ ಅದು ಹತ್ತತ್ರ ಮುಕ್ಕಾಲು ಬಕೆಟ್. ಅದು ಒಳ್ಳೇ ನೀರು ಕಣ್ರೀ, ಸೋಪಿಲ್ಲ ಏನಿಲ್ಲ. ನಲ್ಲಿ ಕೆಳಗೆ ಒಂದು ಬಕೆಟ್ ಖಾಯಂ ಇಡಿ, ಅದು ತುಂಬಿದ್ಮೇಲೆ ಸ್ನಾನದ ಬಕೆಟ್, ಆ ತಣ್ಣೀರು ಬಟ್ಟೆಗೋ ಪಾತ್ರೆಗೋ ಆಗುತ್ತೆ. ಇನ್ನೊಂದು, ಸ್ನಾನ ಎಲ್ರೂ ಒಬ್ಬರ ಹಿಂದೊಬ್ಬರು ಮಾಡಿ. ಒಬ್ರು ಆರಕ್ಕೆ, ಒಬ್ರು ಎಂಟಕ್ಕೆ, ಮಗಳು ಒಂಬತ್ತೂವರೆಗೆ ಅಂದ್ರೆ ಪ್ರತಿ ಸಲವೂ ಪೈಪ್ ತಣ್ಣಗಾಗಿ ಮತ್ತೆ ಮುಕ್ಕಾಲು ಬಕೆಟ್.

ಅಡುಗೆಮನೇಲಿ ಅತ್ತೆ ರಾಜ್ಯ

ಇಲ್ಲಿ ನಾನು ಕಲಿಸೋಕ್ಕೇನಿಲ್ಲ, ಕಲಿತಿದ್ದೇ ಎಲ್ಲ. ಅತ್ತೆ ಪಾತ್ರೆ ತೊಳೆಯೋದು ಕೂತು, ಮೂರು ಟಬ್ ಇಟ್ಕೊಂಡು. ಮುಸುರೆ ಮೊದ್ಲು ಕೈಯಲ್ಲೇ ಬಳಿದು ಒಂದು ಕಡೆ, ಆಮೇಲೆ ಉಜ್ಜಿ ಎಲ್ಲಾ ಒಟ್ಟಿಗೆ ರಾಶಿ ಹಾಕಿ, ಮೊದಲ ಟಬ್ಬಲ್ಲಿ ಅದ್ದಿ, ಎರಡನೇದ್ರಲ್ಲಿ ಅದ್ದಿ, ಮೂರನೇದ್ರಲ್ಲಿ ತೆಗೆದು ಬೋರಲು. ಮೊದಲ ಟಬ್ ಕೊಳೆಯಾದ್ರೆ ಅದನ್ನ ಚೆಲ್ಲಿ ಎರಡನೇದು ಮೊದಲನೇದಾಗುತ್ತೆ, ಮೂರನೇದು ಎರಡನೇದು, ಹೊಸ ನೀರು ಕೊನೇದಕ್ಕೆ ಮಾತ್ರ. ಹತ್ತು ಜನದ ಪಾತ್ರೆ ಎರಡು ಕೊಡ ನೀರಲ್ಲಿ ಮುಗೀತಿತ್ತಂತೆ ಅವ್ರ ತವರಲ್ಲಿ. ನಾನು ಸಿಂಕಿನ ಎದುರು ನಿಂತು ನಲ್ಲಿ ಬಿಟ್ಕೊಂಡು ತೊಳೆಯೋಳು, ಒಂದು ದಿನ ಸಿಂಕಿನ ಕೆಳಗಿನ ಪೈಪ್ ಬಿಚ್ಚಿ ಬಕೆಟ್ ಇಟ್ಟು ನೋಡಿದೆ, ನಾಲ್ಕು ಬಕೆಟ್ ತುಂಬಿ ಐದನೇದು ಅರ್ಧ. ಈಗ ಸಿಂಕಲ್ಲೇ ಎರಡು ಟಬ್ ಇಟ್ಕೊಂಡಿದೀನಿ, ಕೂತು ತೊಳೆಯೋಕ್ಕೆ ನನ್ನ ಸೊಂಟ ಒಪ್ಪಲ್ಲ. ಮನೆಕೆಲಸಕ್ಕೆ ಬರೋರು ಇದ್ರೆ ಟಬ್ ನೀವೇ ಇಟ್ಟು ಕೊಡಿ, ನೀರು ಉಳಿಸು ಅಂತ ಬಾಯಲ್ಲಿ ಹೇಳಿ ಟೈಮ್ ಮಾತ್ರ ಅಷ್ಟರಲ್ಲೇ ಮುಗಿಸು ಅಂದ್ರೆ ಅವರಾದ್ರೂ ಏನ್ಮಾಡ್ತಾರೆ ಪಾಪ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ, ಊರಲ್ಲಾಗಿದ್ರೆ ಕಲಗಚ್ಚಿಗೆ ಹೋಗ್ತಿತ್ತು.

ವಾಟರ್ ಫಿಲ್ಟರ್, ಅಂದ್ರೆ ಆರ್‌ಓ. ಒಂದು ಲೀಟರ್ ಕುಡಿಯೋ ನೀರು ಕೊಡೋಕ್ಕೆ ಎರಡು ಮೂರು ಲೀಟರ್ ಹೊರಗೆ ತಳ್ಳುತ್ತೆ, ಆ ಸಣ್ಣ ಪೈಪನ್ನ ಸಿಂಕಿಂದ ತೆಗೆದು ಬಕೆಟ್ಟಿಗೆ ಬಿಡಿ. ನೆಲ ಒರೆಸೋಕ್ಕೆ, ಪಾತ್ರೆಯ ಮೊದಲ ಟಬ್ಬಿಗೆ, ಕಮೋಡಿಗೆ ಬರುತ್ತೆ. ಗಿಡಕ್ಕೆ ದಿನಾ ಹಾಕ್ಬೇಡಿ, ಉಪ್ಪಿನಂಶ ಜಾಸ್ತಿ, ಕುಂಡದ ಮಣ್ಣಲ್ಲಿ ಬಿಳಿ ಪದರ ಕಟ್ಟುತ್ತೆ, ನನ್ನ ಎರಡು ದಾಸವಾಳ ಹೋಗಿದ್ದು ಹಾಗೇ. ಬರೀ ಕಾವೇರಿ ನೀರು ಬರೋ ಮನೆಗೆ ಆರ್‌ಓ ಬೇಕಾ ಅನ್ನೋದೇ ನನ್ನ ಪ್ರಶ್ನೆ, ಆ ನೀರಲ್ಲಿ ಲವಣ ಮೊದ್ಲೇ ಕಮ್ಮಿ, ಕಾಯಿಸಿ ಆರಿಸಿ ಕುಡೀಬಹುದು.

ಬಟ್ಟೆ ಮೆಷಿನ್ ತುಂಬೋವರೆಗೂ ಹಾಕ್ಬೇಡಿ. ಜಾಲಿಸೋ ಹೊತ್ತಿನ ನೀರಿನ ಪೈಪನ್ನ ಡ್ರಮ್ಮಿಗೆ ಬಿಡಿ, ಮೊದಲ ಸೋಪಿನ ನೀರು ಹೋಗ್ಲಿ. ಆ ಡ್ರಮ್ಮನ್ನ ಒಂದು ದಿನಕ್ಕಿಂತ ಜಾಸ್ತಿ ಇಡ್ಬೇಡಿ, ನಾತ ಬರುತ್ತೆ. ಶುದ್ಧ ನೀರನ್ನ ಕೂಡಿಡೋ ಡ್ರಮ್ಮಿಗೂ ಬಿಗಿಯಾದ ಮುಚ್ಚಳ ಇರ್ಲಿ ಇಲ್ಲಾ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಇಂಥ ನೀರಲ್ಲೇ.

ಗಿಡಗಳು

ತಾರಸಿ ಮೇಲೆ ನನಗೆ ಅರವತ್ತು ಕುಂಡ ಇತ್ತು, ಈಗ ಮೂವತ್ತೈದು. 2024ರ ಮಾರ್ಚಲ್ಲಿ ಕುಡಿಯೋ ನೀರನ್ನ ಕೈತೋಟಕ್ಕೆ, ಕಾರ್ ತೊಳೆಯೋಕ್ಕೆ, ಕಟ್ಟಡ ಕೆಲಸಕ್ಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ಆಯ್ಕೆ ಮಾಡ್ಲೇಬೇಕಾಯ್ತು. ತುಳಸಿ, ಕರಿಬೇವು, ಮಲ್ಲಿಗೆ, ನಿಂಬೆ ಹೀಗೆ ವರ್ಷಗಟ್ಟಲೆ ಬೆಳೆಸಿದ್ದನ್ನ ಉಳಿಸಿ, ಮೂರು ತಿಂಗಳ ಹೂವಿನ ಗಿಡ ಮತ್ತೆ ಬೀಜ ಹಾಕಿದ್ರೆ ಬರುತ್ತೆ, ಬಿಟ್ಬಿಡಿ.

ಕುಂಡದ ಮಣ್ಣು ಬಿಸಿಲಿಗೆ ಬರಿದಾಗಿ ಇರಬಾರದು, ಅದೇ ಗುಟ್ಟು. ತೆಂಗಿನ ನಾರು, ಒಣಗಿದ ತರಗೆಲೆ ಎರಡಿಂಚು ಮುಚ್ಚಿ. ಕುಂಡಗಳನ್ನೆಲ್ಲ ಒತ್ತೊತ್ತಾಗಿ ಗೋಡೆಯ ನೆರಳಿಗೆ ಸರಿಸಿ. ನೀರು ಸಂಜೆ ಹಾಕಿ. ನೆಲದಲ್ಲಿರೋ ಗಿಡಕ್ಕೆ ಅತ್ತೆ ಒಂದು ಹಳೇ ಮಡಕೆ ಬುಡದಲ್ಲಿ ಕುತ್ತಿಗೆವರೆಗೂ ಹೂತ್ರು, ಬಣ್ಣ ಹಚ್ಚದ ಮಣ್ಣಿನ ಮಡಕೆ ಆಗ್ಬೇಕು, ಅದಕ್ಕೆ ನೀರು ತುಂಬಿ ಮುಚ್ಚಿಟ್ರೆ ಮೂರ್ನಾಲ್ಕು ದಿನ ತಾನಾಗೇ ಜಿನುಗುತ್ತೆ. ಬಚ್ಚಲ ನೀರು ಬಾಳೆಗೆ, ತೆಂಗಿಗೆ ಸರಿ, ಸೊಪ್ಪಿಗೆ ಬೇಡ.

ಟ್ಯಾಂಕರ್ ತರಿಸೋದಾದ್ರೆ

ಎಷ್ಟೇ ಹಿಡಿದ್ರೂ ಕೆಲವು ಸಲ ತರಿಸ್ಲೇಬೇಕಾಗುತ್ತೆ. 2024ರಲ್ಲಿ ರೇಟು ಬಾಯಿಗೆ ಬಂದಷ್ಟು ಆದಾಗ ಜಿಲ್ಲಾಡಳಿತ ದರ ಕಟ್ತು, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000ಕ್ಕೆ 1,000. ಆ ರೇಟಿಗೆ ಎಲ್ರಿಗೂ ಸಿಕ್ತಾ ಅಂತ ಕೇಳ್ಬೇಡಿ.

ನಾನು ಹೇಳೋದು ಬೇರೆ, ಕೋಲು ಹಾಕಿ. ಟ್ಯಾಂಕರ್ ಬರೋಕ್ಕೆ ಮುಂಚೆ ಒಂದ್ಸಲ, ಸುರಿದು ಪೈಪ್ ಸುತ್ತೋವಾಗ ಒಂದ್ಸಲ. 6,000 ಲೀಟರ್ ಅಂದ್ರೆ ನಮ್ಮ ಸಂಪಲ್ಲಿ 53 ಇಂಚು ಏರ್ಬೇಕು. ಮೊದಲ ಸಲ ಅಳೆದಾಗ ಏರಿದ್ದು 44, ಅಂದ್ರೆ 5,000 ಲೀಟರಿಗೂ ಒಂಚೂರು ಕಮ್ಮಿ. ಡ್ರೈವರಣ್ಣನಿಗೆ ಕೋಲು ತೋರಿಸಿ ಲೆಕ್ಕ ಹೇಳ್ದೆ, ಜಗಳ ಆಡ್ಲಿಲ್ಲ, ಅಕ್ಕ ದಾರೀಲಿ ತುಳುಕಿರುತ್ತೆ ಅಂದ. ಸಾವಿರ ಲೀಟರ್ ತುಳುಕಿದ್ರೆ ರೋಡಲ್ಲಿ ಕೆರೆ ಆಗಿರ್ಬೇಕಿತ್ತಲ್ಲಪ್ಪ ಅಂದೆ. ಮುಂದಿನ ಸಲ 52 ಬಂತು. ಎಲ್ಲಿಯ ನೀರು ಅಂತ ಕೇಳಿ, ಏನೇ ಹೇಳ್ಲಿ ಕುಡಿಯೋಕ್ಕೆ ಅದನ್ನ ನೇರವಾಗಿ ಬಳಸ್ಬೇಡಿ. ಕಾವೇರಿ ನೀರನ್ನ ಕುಡಿಯೋಕ್ಕೆ ಅಡುಗೆಗೆ ಅಂತ ಬೇರೆ ಕೊಳದಪ್ಪಲೆ, ಡ್ರಮ್ಮಲ್ಲಿ ಮೊದ್ಲೇ ಹಿಡಿದಿಟ್ಟು ಆಮೇಲೆ ಟ್ಯಾಂಕರ್ ನೀರು ಸಂಪಿಗೆ ಬಿಡಿಸಿ.

ಇಷ್ಟೆಲ್ಲ ಮಾಡಿದ್ಮೇಲೆ ನಮ್ಮ ದಿನದ ಲೆಕ್ಕ 11 ಇಂಚಿಂದ ಆರೂವರೆಗೆ ಇಳೀತು, ತಲೆಗೆ 105 ಲೀಟರ್. ಸೋರಿಕೆ ಎರಡು, ಫ್ಲಶ್ ಒಂದೂವರೆ, ಮಿಕ್ಕಿದ್ದೆಲ್ಲ ಸೇರಿ ಒಂದು. ಅದಕ್ಕೇ ಹೇಳಿದ್ದು, ಕೆಲಸ ಶುರು ಮಾಡೋದು ಎಲ್ಲಿಂದ ಅಂತ ಕೋಲೇ ಹೇಳುತ್ತೆ, ಇಲ್ಲಾಂದ್ರೆ ನಾವು ಹಲ್ಲುಜ್ಜೋ ಮಗ್ಗಿನ ಬಗ್ಗೆ ಮಗಳ ಜೊತೆ ಜಗಳ ಆಡ್ಕೊಂಡೇ ಇರ್ತಿದ್ವಿ.

ಮಳೆಗೆ ಮುಂಚೆ

ಬರದ ವರ್ಷ ಅಂದ್ರೆ ಮಳೆನೇ ಬರಲ್ಲ ಅಂತಲ್ಲ. ಅಶ್ವಿನಿ, ಭರಣಿ ಮಳೆ ಏಪ್ರಿಲ್-ಮೇ ತಿಂಗಳಲ್ಲಿ ಒಂದೆರಡು ಸಲ ಆದ್ರೂ ಸುರೀತಾವೆ, ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತ ಅತ್ತೆ ಅಂತಾರೆ, ನಮಗೆ ಬೆಳೆ ಇಲ್ಲದಿದ್ರೂ ತಾರಸಿ ಇದೆಯಲ್ಲ. ಸಾವಿರ ಚದರಡಿ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ 93 ಲೀಟರ್. ಒಂದೊಳ್ಳೇ ಸಂಜೆ ಮಳೆ 20 ಮಿಲಿಮೀಟರ್ ಅಂದ್ಕೊಳ್ಳಿ, ಪೋಲಾಗೋದು ಕಳೆದು 1,500 ಲೀಟರ್ ಕೈಗೆ ಸಿಗುತ್ತೆ, ನಮ್ಮ ಕೋಲಲ್ಲಿ 13 ಇಂಚು, ಎರಡು ದಿನದ ನೀರು.

ಬೆಂಗಳೂರಲ್ಲಿ 2009ರಿಂದಲೇ ಮಳೆನೀರು ಕೊಯ್ಲು ಕಡ್ಡಾಯ, ಹಳೇ ಮನೆ ಆದ್ರೆ 60-40 ಸೈಟಿಗೆ, ಹೊಸದಾಗಿ ಕಟ್ಟೋದಾದ್ರೆ 30-40ಕ್ಕೂ. ಎಷ್ಟೋ ಮನೇಲಿ ಫಿಲ್ಟರ್ ಇದೆ, ಒಳಗೆ ಪಾರಿವಾಳದ ಗರಿ, ಒಣಗಿದ ಎಲೆ ತುಂಬ್ಕೊಂಡು ಮಣ್ಣಾಗಿದೆ ಅಷ್ಟೆ. ಮಾರ್ಚಲ್ಲಿ ಅದನ್ನ ಬಿಚ್ಚಿ ಜಲ್ಲಿ, ಮರಳು, ಇದ್ದಿಲು ತೊಳೆದು ಬಿಸಿಲಿಗೆ ಒಣಗಿಸಿ ಹಾಕಿ. ತಾರಸಿ ಗುಡಿಸಿ. ಮೊದಲ ಹತ್ತು ನಿಮಿಷದ ಮಳೆ ಧೂಳಿನ ನೀರು, ಅದನ್ನ ಹೊರಗೆ ಬಿಡಿ, ಅದಕ್ಕೊಂದು ವಾಲ್ವ್ ಇರುತ್ತೆ, ತುಕ್ಕು ಹಿಡಿದಿದ್ಯಾ ನೋಡಿ. ಏನೂ ಇಲ್ದೆ ಇರೋರು ತಾರಸಿ ನೀರು ಬೀಳೋ ಪೈಪಿನ ಬಾಯಿಗೆ ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಕಟ್ಟಿ ಕೆಳಗೆ ಡ್ರಮ್ ಇಡಿ, ಕುಡಿಯೋಕ್ಕಲ್ಲ, ಬಟ್ಟೆಗೆ ಬಾತ್‌ರೂಮಿಗೆ ಧಾರಾಳ. ಸರಿಯಾಗಿ ಮಾಡಿಸ್ಬೇಕು ಅನ್ನೋರು ಜಯನಗರ 5ನೇ ಬ್ಲಾಕಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಲ್ಲಿ ಮಳೆನೀರು ಕೊಯ್ಲಿನ ಪಾರ್ಕೇ ಇದೆ, ಹೋಗಿ ಕಣ್ಣಾರೆ ನೋಡಿ ಬನ್ನಿ, ಪ್ಲಂಬರನ್ನೂ ಕರ್ಕೊಂಡ್ ಹೋಗಿ.

ಆಮೇಲೆ ಸಂಪಿನ ಓವರ್‌ಫ್ಲೋ ಪೈಪು. ಇದನ್ನ ಯಾರೂ ನೋಡಲ್ಲ, ನಾವೂ ನೋಡಿರ್ಲಿಲ್ಲ. 2024ರ ಜೂನ್ 2, ಭಾನುವಾರ, ಬೆಂಗಳೂರಲ್ಲಿ ಒಂದೇ ದಿನ 111 ಮಿಲಿಮೀಟರ್ ಸುರೀತು, ಜೂನ್ ತಿಂಗಳಲ್ಲಿ ಒಂದು ದಿನಕ್ಕೆ ಅಷ್ಟು ಮಳೆ 133 ವರ್ಷದಲ್ಲಿ ಬಂದಿರ್ಲಿಲ್ಲ. ನಮ್ಮ ತಾರಸಿ ಮೇಲೆ ಬಿದ್ದಿದ್ದೇ 10 ಸಾವಿರ ಲೀಟರ್ ಮೇಲೆ. ಸಂಪು ತುಂಬಿ ಮುಚ್ಚಳದಿಂದ ಉಕ್ಕಿ, ಉಳಿದಿದ್ದೆಲ್ಲ ಮೋರಿಗೆ ಹೋಯ್ತು, ನಾನೂ ಅತ್ತೆನೂ ಬಾಗಿಲಲ್ಲಿ ನಿಂತು ನೋಡಿದ್ವಿ, ಮಾರ್ಚಲ್ಲಿ ಅಷ್ಟು ನೀರಿಗೆ ಎಷ್ಟು ಕೊಟ್ಟಿದ್ವಿ ಅಂತ ನಮ್ಮನೆಯವ್ರು ಲೆಕ್ಕ ಹಾಕೋಕ್ಕೆ ಹೋದ್ರು, ಅತ್ತೆ ಸುಮ್ನಿರಪ್ಪ ಅಂದ್ರು. ಆ ಮೇಲೆ ಓವರ್‌ಫ್ಲೋ ಪೈಪನ್ನ ಮೋರಿ ಕಡೆಯಿಂದ ತಿರುಗಿಸಿ ಮನೆ ಮುಂದೆ ಸಿಮೆಂಟ್ ರಿಂಗ್ ಇಳಿಸಿ ಇಂಗುಗುಂಡಿ ತೋಡಿಸಿ ಅದಕ್ಕೆ ಬಿಟ್ವಿ. ನೀವು ಗುಂಡಿ ತೋಡಿಸೋದಾದ್ರೆ ಸಂಪಿನ ಗೋಡೆಯಿಂದ, ಪಾಯದಿಂದ ಸಾಕಷ್ಟು ದೂರ ಇರ್ಲಿ, ಯುಜಿಡಿ (ಒಳಚರಂಡಿ) ಚೇಂಬರ್ ಹತ್ರ ಅಂತೂ ಬೇಡ್ವೇ ಬೇಡ, ಮತ್ತೆ ಮೇಲೆ ಗಟ್ಟಿ ಮುಚ್ಚಳ ಹಾಕಿಸಿ, ಸ್ಕೂಟರ್ ಹತ್ತಿದ್ರೂ ತಡೀಬೇಕು.